ಅವಳು ಅಂದದ್ದು ನಾಕ, ನೀವು ಬರೆದದ್ದು ನಕೋ

ಪುಣೆ, ಸೆಪ್ಟೆಂಬರ್ ೨೦೦೬

…ಆಮೇಲೆ ಆರನೇ ಕಿಟಕಿಯವರು ಎರಡನೇ ಕಿಟಕಿಗೆ ಹೋಗು ಎಂದರು. ಎರಡನೇ ಕಿಟಕಿಯವರು ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಬಂದವರು, ಇದು ನಮ್ಮ ಕಿಟಕಿಯ ಕೆಲಸವೇ ಅಲ್ಲ, ಆರನೆಯದರದು ಎಂದರು. ಇಷ್ಟಾಗುವಾಗ ಮಧ್ಯಾಹ್ನ ಎರಡೂಮುಕ್ಕಾಲು. ಮಾನ್ಯ ವೈದ್ಯಕೀಯ ಅಧೀಕ್ಷಕರೇ, ನಿಮ್ಮ ಆಸ್ಪತ್ರೆಯಲ್ಲಿ ಇಂದು ನನ್ನ ಅರ್ಧ ದಿನ ಹೀಗೆ ಹೋಯಿತು, ಇನ್ನರ್ಧ ದಿನವನ್ನು ಈ ಪತ್ರಕ್ಕೆ ಕೊಡುತ್ತಿದ್ದೇನೆ. ದೂರು ದೊಡ್ಡದಲ್ಲ, ಒಂದೇ ಶಬ್ದದ್ದು. ನನ್ನ ಚಿಗವ್ವ ಸಾವಂತ್ರವ್ವನ ಫೈಲಿನಲ್ಲಿ ‘ರಿಫ್ಯೂಸ್ಡ್’ ಎಂದು ಬರೆದಿದ್ದೀರಿ. ಮಿದುಳಿನ ಸೂಜಿ ಪರೀಕ್ಷೆ ತನಗೆ ಬೇಡ ಎಂದಳು ಎಂದು ಅದರ ಅರ್ಥ. ಅವಳು ಹಾಗೆ ಅನ್ನಲಿಲ್ಲ. ಅವಳು ಅಂದದ್ದು ನಾಕ. ನಾಕ ಅಂದರೆ ನಾಲ್ಕು. ಆ ಒಂದು ಶಬ್ದವನ್ನು ಹೊಡೆದುಹಾಕಿ ಎಂದು ಕೇಳುತ್ತ ಮೂರು ವಾರದಿಂದ ನಿಮ್ಮ ಕಿಟಕಿಗಳ ಮುಂದೆ ತಿರುಗುತ್ತಿದ್ದೇನೆ.

ಪತ್ರ ಕನ್ನಡದಲ್ಲಿದೆ ಎಂದು ಕ್ಷಮೆ ಕೇಳುವುದಿಲ್ಲ. ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟೆ. ಎರಡರ ಮೇಲೂ ‘ಮುಟ್ಟಿದೆ’ ಎಂಬ ಠಸ್ಸೆ ಬಿತ್ತು. ಠಸ್ಸೆ ಸುಳ್ಳು ಹೇಳಲಿಲ್ಲ, ಅರ್ಜಿ ಕಿಟಕಿಗೆ ಮುಟ್ಟಿತು, ಅದರಾಚೆ ಯಾರಿಗೂ ಮುಟ್ಟಲಿಲ್ಲ. ಅದಕ್ಕೆ ಈ ಸಲ ಕನ್ನಡ ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮಗೆ ಇದನ್ನು ಓದಲು ಬರುವುದಿಲ್ಲ. ಯಾರನ್ನಾದರೂ ಕರೆದು ‘ಇದರಲ್ಲಿ ಏನು ಬರೆದಿದೆ ಹೇಳು’ ಎಂದು ಕೇಳಬೇಕಾಗುತ್ತದೆ. ದಯವಿಟ್ಟು ಕೇಳಿ. ಆ ದಿನ ನಿಮ್ಮ ಆಪರೇಷನ್ ಕೋಣೆಯಲ್ಲಿ ಯಾರಾದರೂ ಇಷ್ಟನ್ನೇ ಮಾಡಿದ್ದರೆ ಈ ಪತ್ರ ಹುಟ್ಟುತ್ತಲೇ ಇರಲಿಲ್ಲ.

ನಾನು ಚನ್ನವೀರ. ಜಮಖಂಡಿ ಕಡೆಯವನು. ಪುಣೆಗೆ ಬಂದು ಆರು ವರ್ಷ, ಈಗಿನದು ಐದನೇ ಕೆಲಸ. ಕ್ಯಾಂಪಿನ ಮಂಗಳೂರಿನವರ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತೆ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಚಿದೆ, ಈಗ ಹಿಂಜವಾಡಿಯಲ್ಲಿ ಕಂಪನಿ ಕ್ಯಾಬುಗಳಿಗೆ ಯಾರನ್ನು ಎಲ್ಲಿಂದ ಹತ್ತಿಸಿಕೊಳ್ಳಬೇಕೆಂದು ಫೋನಿನಲ್ಲಿ ಹೇಳುತ್ತೇನೆ. ಕೂತು ಬರೆಯುವಷ್ಟು ಸಮಾಧಾನ ನನ್ನ ಮೈಯಲ್ಲಿಲ್ಲ. ಖಾಲಿ ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ಈ ಪತ್ರವನ್ನು ಮೊಬೈಲಿಗೆ ಹೇಳುತ್ತಿದ್ದೇನೆ. ಅದು ಮೂರು ನಿಮಿಷಕ್ಕೊಮ್ಮೆ ತಾನಾಗಿ ನಿಲ್ಲುತ್ತದೆ, ಮತ್ತೆ ಒತ್ತುತ್ತೇನೆ. ಕೇಳಿ ಕೇಳಿ ಕಾಗದಕ್ಕೆ ಇಳಿಸುವವಳು ಚಿಗವ್ವನ ಮಗಳು ತ್ರಿವೇಣಿ. ಡಿ.ಎಡ್. ಮಾಡಿದ ಹುಡುಗಿ, ನನ್ನ ‘ಅದ’ಗಳನ್ನೆಲ್ಲ ‘ಇದೆ’ ಮಾಡುತ್ತಾಳೆ. ಆದರೆ ಸಂಶಯ ಬಂದ ಕಡೆಯೆಲ್ಲ ಫೋನ್ ಹಚ್ಚಿ, “ಅಣ್ಣಾ, ನೀ ಅಂದಿದ್ದು ಇದ ಹೌದಲ್ಲ?” ಎಂದು ಕೇಳಿಯೇ ಬರೆಯುತ್ತಾಳೆ. ಇಪ್ಪತ್ತೊಂದು ವರ್ಷದ ಹುಡುಗಿಗೆ ಇರುವ ಈ ಪದ್ಧತಿ ಆರುನೂರು ಹಾಸಿಗೆಯ ನಿಮ್ಮ ಆಸ್ಪತ್ರೆಗೆ ಯಾಕಿಲ್ಲ?

ಚಿಗವ್ವನಿಗೆ ನಲವತ್ತಾರು. ಊರಲ್ಲಿ ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗಳಿಗೆ ಕೊಡುತ್ತಿದ್ದಳು. ಮೇ ತಿಂಗಳಲ್ಲಿ ಬಲಗೈ ಬೆರಳು ಹೇಳಿದ ಹಾಗೆ ಕೇಳುವುದನ್ನು ಬಿಟ್ಟವು, ರೊಟ್ಟಿ ಒಂದು ಅಂಚಿಗೆ ದಪ್ಪ ಬರತೊಡಗಿತು. ಆಮೇಲೆ ಮಾತಿನ ನಡುವೆ ಶಬ್ದ ಸಿಗದೆ ನಿಲ್ಲತೊಡಗಿದಳು. ಇಲ್ಲಿಗೆ ಕರೆತಂದು ಸ್ಕ್ಯಾನ್ ಮಾಡಿಸಿದೆ. ತಲೆಯ ಎಡಕ್ಕೆ, ಮಾತಿನ ಜಾಗದ ಮಗ್ಗುಲಲ್ಲಿ, ನೆಲ್ಲಿಕಾಯಿಯಷ್ಟು ಗಂಟು. ಟಿ.ಬಿ. ಗಂಟಿದ್ದರೆ ಗುಳಿಗೆಯಿಂದಲೇ ಕರಗುತ್ತದೆ. ಕೆಟ್ಟ ಗಂಟಿದ್ದರೆ ಅದರ ದಾರಿ ಬೇರೆ. ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತಿವೆ, ಒಂದು ಚೂರು ತೆಗೆದು ನೋಡದೆ ಔಷಧ ಶುರು ಮಾಡುವುದು ಕತ್ತಲಲ್ಲಿ ಕಲ್ಲು ಎಸೆದ ಹಾಗೆ ಎಂದು ಹೇಳಿದವರು ನಿಮ್ಮ ದೊಡ್ಡ ಡಾಕ್ಟರೇ. ಆ ಚೂರನ್ನು ತೆಗೆಯುವ ಸೂಜಿಗೆ ಆಗಸ್ಟ್ ಕೊನೆಯ ಮಂಗಳವಾರ ತಾರೀಖು ಕೊಟ್ಟಿರಿ.

ನಿಮ್ಮ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ನಿಜ ಹೇಳಬೇಕೆಂದರೆ ಭಕ್ತಿ ಬಂತು. ಬೆಳಿಗ್ಗೆ ಎಂಟಕ್ಕೆ ಅವಳ ತಲೆಯ ಸುತ್ತ ಕಬ್ಬಿಣದ ಬಳೆಯಂಥ ಫ್ರೇಮ್ ಕೂಡಿಸಿದರು. ಮುಂದೆ ಎರಡು, ಹಿಂದೆ ಎರಡು ಸ್ಕ್ರೂ, ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬುರುಡೆಗೆ ಬಿಗಿದರು. ತಳ್ಳುವ ಮಂಚದ ಮೇಲೆ ಸ್ಕ್ಯಾನ್ ಕೋಣೆಗೆ ಹೊರಟಾಗ ಚಿಗವ್ವ ನನ್ನನ್ನು ನೋಡಿ, “ಎರಡನೇ ಸಲ ಬಾಸಿಂಗ ಕಟ್ಟಿದ್ರು ನೋಡಪಾ. ವರಾ ಎಲ್ಲಿದಾನ ಕೇಳು” ಎಂದಳು.  ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಒಳ್ಳೆಯ ಮನುಷ್ಯ, ಪರದೆಯ ಮೇಲೆ ತೋರಿಸಿ ತಿಳಿಸಿ ಹೇಳಿದರು. ಫ್ರೇಮಿನ ಕಡ್ಡಿಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಬೀಳುತ್ತವೆ. ಆ ಚುಕ್ಕೆಗಳಿಂದ ಅಳೆದರೆ ಗಂಟಿಗೆ ಮೂರು ಅಂಕಿಯ ವಿಳಾಸ ಸಿಗುತ್ತದೆ. ಎಡಬಲ ಎಷ್ಟು, ಹಿಂದುಮುಂದು ಎಷ್ಟು, ಮೇಲೆ ಕೆಳಗೆ ಎಷ್ಟು. ಆ ಅಂಕಿಗಳನ್ನು ಫ್ರೇಮಿನ ಮೇಲಿನ ಕಮಾನಿಗೆ ಕೂಡಿಸಿದರೆ ಸೂಜಿ ಹೋಗಬೇಕಾದ ಜಾಗಕ್ಕೇ ಹೋಗುತ್ತದೆ, ತಪ್ಪಿದರೆ ಒಂದೆರಡು ಮಿಲಿಮೀಟರ್. ವಿಳಾಸ ಹೇಳುವುದೇ ನನ್ನ ಹೊಟ್ಟೆಪಾಡು. ಪೆಟ್ರೋಲ್ ಪಂಪಿನ ಹಿಂದೆ, ಗಣಪತಿ ಗುಡಿಯ ಎದುರು ಎಂದು ದಿನಕ್ಕೆ ನೂರು ಸಲ ಕೂಗಿದರೂ ಡ್ರೈವರು ಮುಂದಿನ ಗಲ್ಲಿಗೆ ಹೋಗುತ್ತಾನೆ. ಬುರುಡೆಯ ಒಳಗೆ ಕಣ್ಣಿಗೆ ಕಾಣದ ಜಾಗಕ್ಕೆ ಇಂಥ ವಿಳಾಸವೇ ಎಂದು ಬೆರಗಾದೆ. ಒಂದೇ ಷರತ್ತು, ಸೂಜಿ ಹೋಗಿ ಬರುವ ತನಕ ಫ್ರೇಮ್ ತಲೆಯ ಮೇಲೇ ಇರಬೇಕು. ಸ್ಕ್ರೂ ಬಿಚ್ಚಿದರೆ ಆ ಅಂಕಿಗಳು ಯಾವ ಕೆಲಸಕ್ಕೂ ಬಾರವು, ಮತ್ತೆ ಮೊದಲಿನಿಂದ.

ಗಂಟು ಮಾತಿನ ಜಾಗದ ಹತ್ತಿರ ಇದ್ದುದರಿಂದ ಅವಳನ್ನು ಎಚ್ಚರ ಇಟ್ಟೇ ಮಾಡುವುದು, ನಡುನಡುವೆ ಮಾತಾಡಿಸಿ ನೋಡುವುದು ಎಂದರು. ಹಾಗಾದರೆ ನಾನು ಒಳಗೆ ಇರುತ್ತೇನೆ, ಅವಳಿಗೆ ಮರಾಠಿ ಬರುವುದಿಲ್ಲ ಎಂದೆ. ಸಂಬಂಧಿಕರಿಗೆ ಒಳಗೆ ಪ್ರವೇಶ ಇಲ್ಲ, ಫಾರ್ಮಿನಲ್ಲಿ ಭಾಷೆ ಮರಾಠಿ ಎಂದು ಇದೆಯಲ್ಲ ಎಂದರು.

ಇಲ್ಲಿ ನನ್ನ ತಪ್ಪನ್ನೂ ಬರೆದುಕೊಳ್ಳಿ. ಆ ಫಾರ್ಮ್ ತುಂಬಿದವನು ನಾನೇ. ಆರು ವರ್ಷದಲ್ಲಿ ಈ ಊರು ನನಗೆ ಕಲಿಸಿದ ಮೊದಲ ಪಾಠ ಅದು. ಭಾಷೆಯ ಖಾನೆಯಲ್ಲಿ ಕನ್ನಡ ಎಂದು ಬರೆದರೆ ಕಿಟಕಿಯವರು ತಲೆ ಎತ್ತಿ ಎರಡು ಪ್ರಶ್ನೆ ಹೆಚ್ಚು ಕೇಳುತ್ತಾರೆ, ಮರಾಠಿ ಎಂದು ಬರೆದರೆ ಸರದಿ ಮುಂದಕ್ಕೆ ಹೋಗುತ್ತದೆ. ರೇಷನ್ ಕಾರ್ಡಿಗೆ, ಸಿಮ್ ಕಾರ್ಡಿಗೆ, ಬಾಡಿಗೆ ಕೋಣೆಗೆ ಹೀಗೇ ಬರೆದು ದಾಟಿದ್ದೆ. ಚಿಗವ್ವನಿಗೂ ಕೈ ತಾನಾಗಿ ಬರೆಯಿತು. ನಾನು ಸುಳ್ಳು ಬರೆದೆ. ಆದರೆ ಅಧೀಕ್ಷಕರೇ, ನಾನು ಬಾಯಿಬಿಟ್ಟು ತಿದ್ದಿ ಹೇಳಿದ ಮೇಲೂ ನಿಮ್ಮವರು ಎದುರಿಗೆ ನಿಂತ ಮನುಷ್ಯನಿಗಿಂತ ಫಾರ್ಮನ್ನೇ ನಂಬಿದರಲ್ಲ, ಅದು ಯಾವ ಊರಿನ ಪಾಠ?

ಒಳಗೆ ನಡೆದದ್ದನ್ನು ಚಿಗವ್ವನ ಬಾಯಿಂದಲೇ ಕೇಳಿ. ಅವಳು ಇದನ್ನು ನನಗೆ ಮೂರು ಸಲ ಹೇಳಿದ್ದಾಳೆ, ಮೂರು ಸಲವೂ ಒಂದೇ ತರ.

“ಸಣ್ಣ ಡಾಕ್ಟರ್ರು ಮಾರಿಗೆ ಬಟ್ಟಿ ಕಟ್ಕೊಂಡಿದ್ರು. ನಾಕ ಬಳ್ಳ ತೋರ್ಸಿ ‘ಕಿತಿ’ ಅಂದ್ರು. ಎಷ್ಟು ಅಂತ ಕೇಳ್ತಾರ ಅಂತ ತಿಳೀತು. ‘ನಾಕ’ ಅಂದ್ನಿ. ಅವ್ರು ‘ನಕೋ?’ ಅಂದ್ರು. ಪಾಪ, ನಮ್ಮ ಮಾತು ಹೊಳ್ಳವಲ್ದು ಅಂತ ತಿಳ್ಕೊಂಡು ‘ಹೌದ್ರಿ, ನಾಕ’ ಅಂದು, ಕೈ ಎತ್ತಿ ನಾನೂ ನಾಕ ಬಳ್ಳ ತೋರಿಸಿದ್ನಿ. ಅವಾಗ ಅವ್ರು ‘ನಕ್ಕಿ?’ ಅಂದ್ರು. ನಾ ಎಲ್ಲಿ ನಕ್ಕೀನಪಾ? ತಲಿಗೆ ಮಳಿ ಹೊಡದಾರ, ನಗೋ ಹೊತ್ತ ಅದು? ಅದೂ ನನಗಿಂತ ಸಣ್ಣಾವ, ನಕ್ಕಿ ಅಂತ ಏಕವಚನದಾಗ ಕೇಳ್ತಾನ. ಇರ್ಲಿ, ಡಾಕ್ಟರ ಅದಾನ ಅಂತ, ‘ಇಲ್ರಿ ಸಾಹೇಬ್ರ, ನಕ್ಕಿಲ್ರಿ. ನಾಕ, ನಾಕ’ ಅಂದ್ನಿ. ಆಮ್ಯಾಲ ನನ್ನ ಹೊರಗ ಕಳಿಸಿದ್ರು.”

ಮರಾಠಿಯಲ್ಲಿ ‘ನಕೋ’ ಅಂದರೆ ಬೇಡ. ‘ನಕ್ಕಿ’ ಅಂದರೆ ಖಂಡಿತಾನಾ. ಈಗ ಇದನ್ನೇ ಮರಾಠಿ ಕಿವಿಯಿಂದ ಕೇಳಿ. ಬೇಡವೇ? ಬೇಡ. ಖಂಡಿತಾನಾ? ಖಂಡಿತ, ಬೇಡ, ಬೇಡ. ಮೇಲಿಂದ ನಾಲ್ಕು ಬೆರಳು ಎತ್ತಿ ಹಿಡಿದ ಕೈ, ಹೆಬ್ಬೆರಳು ಮಡಚಿದ್ದು ಹೊದಿಕೆಯ ಸಂದಿಯಲ್ಲಿ ಯಾರಿಗೆ ಕಾಣಬೇಕು? ಸಾಕು ನಿಲ್ಲಿಸಿ ಎಂದು ತಡೆದ ಅಂಗೈಯಂತೆಯೇ ಅದು ಕಂಡಿರಬೇಕು. ಫೈಲಿನಲ್ಲಿ ಇಂಗ್ಲಿಷಿನಲ್ಲಿ ಹೀಗಿದೆ, ನಾನು ಕಣ್ಣಾರೆ ನೋಡಿದ್ದೇನೆ: ‘ಪೇಷೆಂಟ್ ರಿಫ್ಯೂಸ್ಡ್. ಕನ್ಫರ್ಮ್ಡ್ ಟ್ವೈಸ್.’ ಎರಡು ಸಲ ಖಚಿತಪಡಿಸಿಕೊಂಡ ತಪ್ಪು. ಒಂದು ಸಲದ ತಪ್ಪಿಗಾದರೆ ಮದ್ದು ಇರುತ್ತಿತ್ತೇನೋ.

ಆ ಸಣ್ಣ ಡಾಕ್ಟರ ಮೇಲೆ ನನಗೆ ದ್ವೇಷವಿಲ್ಲ. ಒಬ್ಬ ಬಡ ಹೆಂಗಸು ಬೇಡ ಅಂದಳು ಎಂದು ತಿಳಿದೊಡನೆ ಸೂಜಿ ಕೆಳಗಿಟ್ಟ ಮನುಷ್ಯ ಅವರು. ಬೇಡ ಅಂದರೂ ಬಿಡದ ಕೈಗಳನ್ನು ನಾವು ಕಂಡಿಲ್ಲವೇ? ಅವರು ಕೇಳಿಸಿಕೊಂಡದ್ದಕ್ಕೆ ಮರ್ಯಾದೆ ಕೊಟ್ಟರು. ಕೇಳಿಸಿಕೊಂಡದ್ದು ತಪ್ಪಾಗಿತ್ತು, ಅಷ್ಟೇ. ನನ್ನ ಜಗಳ ಆ ಗಳಿಗೆಯ ಮೇಲಲ್ಲ, ಅದರ ಮರುಗಳಿಗೆಯ ಮೇಲೆ.

ಯಾಕೆಂದರೆ ತಪ್ಪು ಅಲ್ಲೇ, ಹತ್ತು ನಿಮಿಷದಲ್ಲಿ, ಗೊತ್ತಾಯಿತು. ಅವಳನ್ನು ಮಂಚದ ಮೇಲೆ ವಾಪಸು ತಳ್ಳಿಕೊಂಡು ಹೊರಟವನು ಅಂಬಾರಾಯ. ಆಳಂದ ಕಡೆಯವನು, ನಿಮ್ಮ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ರೋಗಿಗಳನ್ನು ಆ ಬಾಗಿಲಿಂದ ಒಳಗೆ ಬಿಟ್ಟು ಹೊರಗೆ ಕಾಯುವವನು. ಕೋಣೆಯೊಳಗೆ ಬೇಕಾಗಿದ್ದ ಕನ್ನಡ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿತ್ತು.

“ಯಾಕ ಯವ್ವಾ, ಬ್ಯಾಡಂದ್ಯಂತಲ್ಲ? ಅಂಜಿದೇನು?” ಎಂದು ಕೇಳಿದನಂತೆ.

“ಯಾರ ಬ್ಯಾಡಂದಾರ? ಬಳ್ಳ ಎಷ್ಟು ಅಂದ್ರು, ನಾಕ ಅಂದ್ನೋ ನಮ್ಮಪ್ಪಾ.”

ಅಂಬಾರಾಯ ಲಿಫ್ಟಿನ ಮುಂದೆ ಮಂಚ ನಿಲ್ಲಿಸಿ ವಾಪಸು ಓಡಿದ. ನಾನೂ ಹಿಂದೆ ಓಡಿದೆ. ಬಾಗಿಲಲ್ಲಿದ್ದ ಸಿಸ್ಟರಿಗೆ, “ಸಿಸ್ಟರ್, ತ್ಯಾ ಚಾರ ಮ್ಹಣಾಲ್ಯಾ. ಕಾನಡೀತ ನಾಕ ಮ್ಹಣಜೆ ಚಾರ” ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ. ಅವರು ನಾಲ್ಕು ಅಂದದ್ದು, ಕನ್ನಡದಲ್ಲಿ ನಾಕ ಅಂದರೆ ನಾಲ್ಕು, ಎಂದು.  ಸಿಸ್ಟರ್ ಮುಖದಲ್ಲಿ ಅಯ್ಯೋ ಎಂಬುದು ಬಂದು ಹೋದದ್ದನ್ನು ನಾನು ನೋಡಿದೆ. ಆಮೇಲೆ “ಆತಾ ಲಿಹೂನ ಝಾಲಂಯ, ಬಾಬಾ” ಎಂದರು. ಈಗ ಬರೆದಾಗಿದೆ ಎಂದರ್ಥ.

ಬರೆದಾಗಿದೆ. ಈ ಮಾತಿನ ಮುಂದೆ ನಿಮ್ಮ ಆಸ್ಪತ್ರೆಯಲ್ಲಿ ಯಾವ ಯಂತ್ರವೂ ನಡೆಯುವುದಿಲ್ಲ. ಅಂಕಿಗಳು ತಯಾರಿದ್ದವು. ಫ್ರೇಮ್ ಇನ್ನೂ ಅವಳ ತಲೆಯ ಮೇಲಿತ್ತು, ಮತ್ತೆ ಮುಕ್ಕಾಲು ಗಂಟೆ ಇತ್ತು. ಲಿಫ್ಟಿನ ಮುಂದೆ ಆ ಬಾಸಿಂಗ ಹೊತ್ತುಕೊಂಡು ಅವಳು ಮಲಗಿದ್ದಳು, ಬಂದವರು ಹೋದವರು ಹಣಿಕಿ ನೋಡಿದರು. ಒಬ್ಬರೂ ಒಳಗೆ ಹೋಗಿ ಇನ್ನೊಂದು ಸಲ ಕೇಳೋಣ ಎನ್ನಲಿಲ್ಲ. ಕೋಣೆಗೆ ಬೇರೆ ಆಪರೇಷನ್ನಿನ ಮುಂದಿನ ರೋಗಿಯನ್ನು ತಂದಾಗಿತ್ತು. ಹನ್ನೆರಡೂಕಾಲಿಗೆ ವಾರ್ಡಿನಲ್ಲಿ ಸ್ಕ್ರೂ ಬಿಚ್ಚಿದರು. ಬಿಚ್ಚುವಾಗ ಅವಳು, “ಮುಗೀತೇನು? ಏನ ಗಂಟಂತ?” ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆಗೆ ಈ ತನಕ ನನ್ನ ಹತ್ತಿರ ಉತ್ತರವಿಲ್ಲ.

ತಲೆಯೊಳಗೆ ಮಿಲಿಮೀಟರ್ ಲೆಕ್ಕದಲ್ಲಿ ದಾರಿ ಹುಡುಕುವ ವಿದ್ಯೆ ನಿಮ್ಮಲ್ಲಿದೆ, ಮಾನ್ಯರೇ. ತುಟಿಯಿಂದ ಕಿವಿಗೆ ಎರಡು ಅಡಿ ದಾರಿ. ಅದರಲ್ಲಿ ಕಳೆದದ್ದನ್ನು ಹುಡುಕಿ ಕೊಡಲು ನಿಮ್ಮಲ್ಲಿ ಇಲಾಖೆ ಇಲ್ಲವೇ?

ಈಗ ನಿಮ್ಮ ನಿಯಮದ ವಿಷಯ. ಫ್ರೇಮ್ ಕೋಣೆಯ ಹೊರಗೆ ಹಲಗೆಯ ಮೇಲೆ ಅದನ್ನು ಬರೆಸಿದ್ದೀರಿ. ಆಸ್ಪತ್ರೆಯ ಕಾರಣಕ್ಕೆ ಮುಂದೂಡಿದವರಿಗೆ ಮುಂದಿನ ಮಂಗಳವಾರ ಮೊದಲ ಸರದಿ. ರೋಗಿ ನಿರಾಕರಿಸಿದರೆ, ನಿರಾಕರಣೆ ಹಿಂತೆಗೆದುಕೊಂಡ ಅರ್ಜಿ, ಸಮಿತಿಯ ಒಪ್ಪಿಗೆ, ಆಮೇಲೆ ಪಟ್ಟಿಯ ಕೊನೆ. ಪಟ್ಟಿಯ ಕೊನೆ ಎಂದರೆ ಇವತ್ತಿಗೆ ಹನ್ನೊಂದು ವಾರ. ಫ್ರೇಮ್ ಒಂದೇ ಇದೆ, ವಾರಕ್ಕೆ ಒಂದೇ ದಿನ, ಅದನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಶಬ್ದ ಹೀಗಿದ್ದರೆ ಏಳು ದಿನ, ಹಾಗಿದ್ದರೆ ಹನ್ನೊಂದು ವಾರ. ಅದಕ್ಕೇ ಆ ಶಬ್ದದ ಬೆನ್ನು ಬಿದ್ದಿದ್ದೇನೆ, ನನಗೆ ಭಾಷಾಭಿಮಾನದ ರೋಗ ಇದೆ ಎಂದಲ್ಲ.

ಹೋದ ವಾರ ಆರನೇ ಕಿಟಕಿಯವರು ಒಂದು ಅಚ್ಚು ಮಾಡಿದ ಅರ್ಜಿ ಕೊಟ್ಟರು. ಅದರಲ್ಲಿ ವಾಕ್ಯ ಮೊದಲೇ ತಯಾರಿದೆ. ನಾನು ತಿಳಿವಳಿಕೆ ಇಲ್ಲದೆ ಚಿಕಿತ್ಸೆಯನ್ನು ನಿರಾಕರಿಸಿದ್ದೆ, ಅದಕ್ಕೆ ನನಗೆ ಪಶ್ಚಾತ್ತಾಪವಾಗಿದೆ. ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ನಾನು ದೊಡ್ಡ ತತ್ವದವನಲ್ಲ. ಹನ್ನೊಂದು ವಾರವಾದರೂ ಆಗಲಿ, ಪಟ್ಟಿಯೊಳಗೆ ಹೆಸರು ಬೀಳಲಿ ಎಂದು ಅದನ್ನು ಮನೆಗೆ ಒಯ್ದು ಅವಳ ಮುಂದೆ ಇಟ್ಟೆ. ತ್ರಿವೇಣಿ ಓದಿ ಅರ್ಥ ಹೇಳಿದಳು.

ಚಿಗವ್ವ ಕೇಳಿಸಿಕೊಂಡು ಅರ್ಜಿಯನ್ನು ಎಡಗೈಯಿಂದ ಸರಿಸಿದಳು. “ನಾ ಬ್ಯಾಡ ಅಂದ ಇಲ್ಲ. ಅನ್ಲಾರದ್ದಕ್ಕ ತಪ್ಪಾತು ಅಂತ ಹ್ಯಾಂಗ ಬರಕೊಡ್ಲಿ?”

“ಚಿಗವ್ವಾ, ಕಾಗದ ಅಷ್ಟ. ಯಾರು ನೋಡ್ತಾರ?”

“ನೀನೂ ಕಾಗದ ಅಷ್ಟ ಅಂತ ಮರಾಠಿ ಬರದಿ. ನೋಡಿದ್ರಲ್ಲ?”

 ಅವಳೇ ಮುಂದೆ ಹೇಳಿದಳು: “ಇದಕ್ಕ ಬ್ಯಾಡ ಅಂತೀನಿ. ಬೇಕಾರ ಇದನ್ನ ಬರ್ಕೋರಿ ಅಂತ ಹೇಳು. ಎರಡ ಸಲ ಕೇಳಿ ಬರ್ಕೋರಿ ಅನ್ನು.”

ಹೀಗಾಗಿ ಅಧೀಕ್ಷಕರೇ, ನಿಮ್ಮ ಆಸ್ಪತ್ರೆಗೆ ಬಂದ ಮೇಲೆ ಸಾವಂತ್ರವ್ವ ನಿರಾಕರಿಸಿದ್ದು ಒಂದೇ ಒಂದನ್ನು, ಅದು ನೀವು ಅಚ್ಚು ಹಾಕಿಸಿದ ಪಶ್ಚಾತ್ತಾಪವನ್ನು. ಅವಳು ಹಟಮಾರಿ ಎಂದು ಮೊದಲು ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಆಮೇಲೆ ಯೋಚಿಸಿದೆ. ಅವಳು ಸಹಿ ಮಾಡಿದರೆ ನಿಮ್ಮ ಫೈಲು ಸರಿಯಾಗುತ್ತದೆ, ಕೋಣೆ ಸರಿಯಾಗುವುದಿಲ್ಲ. ಮುಂದಿನ ತಿಂಗಳು ಇಂಡಿಯಿಂದಲೋ ಮುಧೋಳದಿಂದಲೋ ಇನ್ನೊಬ್ಬಳು ಬರುತ್ತಾಳೆ. ಅವಳಿಗೂ ಯಾರೋ ಬೆರಳು ತೋರಿಸುತ್ತಾರೆ. ಅಂಬಾರಾಯ ಹೊರಗೆ ಸ್ಟೂಲಿನ ಮೇಲೆಯೇ ಇರುತ್ತಾನೆ. ಅವನ ಹೆಸರನ್ನು ಇಲ್ಲಿ ಬರೆಯಲು ಅವನ ಅಪ್ಪಣೆ ಕೇಳಿದೆ. “ಬರಿ. ಹತ್ತೊಂಬತ್ತು ವರ್ಸದಾಗ ನನ್ನ ಹೆಸರ ಹಾಜರಿ ಪುಸ್ತಕ ಬಿಟ್ರ ಎಲ್ಲೂ ಬಂದಿಲ್ಲ” ಎಂದ. ಇದಕ್ಕಾಗಿ ಅವನಿಗೆ ನೋಟಿಸು ಕೊಡುವ ಯೋಚನೆ ಇದ್ದರೆ, ಅದಕ್ಕೆ ಕಾರಣವಾದ ಈ ಸಾಲುಗಳನ್ನೂ ಅವನಿಂದಲೇ ಓದಿಸಬೇಕಾಗುತ್ತದೆ ಎಂಬುದನ್ನು ನೆನಪಿಡಿ, ಏಕೆಂದರೆ ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವನು ಬಹುಶಃ ಅವನೇ.

ದಣಿದಿದ್ದೇನೆ. ಮೊಬೈಲು ಇಲ್ಲಿಗೆ ಹನ್ನೆರಡನೇ ಸಲ ನಿಂತಿತು. ಕ್ಯಾಬುಗಳ ಫೋನುಗಳನ್ನು ಗೆಳೆಯನ ಕೈಗೆ ಕೊಟ್ಟು ಬಂದಿದ್ದೇನೆ, ಅವನೂ ಎಷ್ಟು ದಿನ ಹಿಡಿದಾನು. ಕೆಲಸ ಹೋದರೆ ಆರನೆಯದು ಹುಡುಕಿಕೊಳ್ಳುತ್ತೇನೆ, ಅದು ನನಗೆ ರೂಢಿ. ಆದರೆ ಇದು ಮಾತ್ರ ಕಾಯುವುದಿಲ್ಲ. ಮೂರು ವಾರದಲ್ಲಿ ಬಲಗೈ ಪೂರಾ ಮಡಿಲಲ್ಲೇ ಉಳಿಯಿತು. ಒಲೆಗೆ ಅದು ಅನ್ನುತ್ತಾಳೆ, ನೀರಿಗೂ ಅದು ಅನ್ನುತ್ತಾಳೆ. ಮೊನ್ನೆ ಸಂಜೆ ಮಗಳನ್ನು ಕರೆಯಬೇಕೆಂದು ಬಾಯಿ ತೆರೆದು, ಹೆಸರು ಹುಡುಕಿ ಹುಡುಕಿ, ಕೊನೆಗೆ ಚಪ್ಪಾಳೆ ತಟ್ಟಲು ಹೋದಳು, ಅದಕ್ಕೂ ಒಂದೇ ಕೈ ಬಂತು. ಈ ಸಾಲನ್ನು ಬರೆಯಬೇಕೋ ಬಿಡಬೇಕೋ ಎಂಬುದನ್ನು ತ್ರಿವೇಣಿಗೇ ಬಿಟ್ಟಿದ್ದೇನೆ.

ಹನ್ನೊಂದು ವಾರದ ನಂತರ ನೀವು ಎಷ್ಟು ಬೆರಳು ತೋರಿಸಿದರೂ ಅವಳು ಹೇಳಲಾರಳು ಎಂದು ನನಗೆ ಭಯ. ಆಗ ಅವಳ ಬಾಯಿಂದ ಬ್ಯಾಡ ಅಂದ ಇಲ್ಲ ಎಂಬ ಮಾತೂ ಹೊರಡುವುದಿಲ್ಲ. ಅವಳ ಪರವಾಗಿ ಜಗತ್ತಿನಲ್ಲಿ ಉಳಿಯುವ ಮಾತು ನಿಮ್ಮ ಫೈಲಿನದೊಂದೇ.

ಆದ್ದರಿಂದ ನನ್ನ ಬೇಡಿಕೆ. ‘ರಿಫ್ಯೂಸ್ಡ್’ ಎಂಬುದನ್ನು ಹೊಡೆದು, ರೋಗಿಯ ಭಾಷೆ ತಿಳಿಯದೆ ಆಸ್ಪತ್ರೆ ಮುಂದೂಡಿದೆ ಎಂದು ಬರೆಯಿರಿ. ನಿಮ್ಮ ಹಲಗೆಯ ಮೇಲಿನ ನಿಯಮದಂತೆ ಬರುವ ಮಂಗಳವಾರ ಅವಳ ತಲೆಗೆ ಮತ್ತೆ ಫ್ರೇಮ್ ಕೂಡಿಸಿ. ಕೋಣೆಯ ಒಳಗೆ ಅಂಬಾರಾಯನನ್ನು ನಿಲ್ಲಿಸಿ, ಬೇಕಾದರೆ ಅವನ ಮುಖಕ್ಕೂ ಬಟ್ಟೆ ಕಟ್ಟಿ. ನಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಅವಳನ್ನೇ ಕೇಳಿ. ಪರೀಕ್ಷೆ ಬೇಕೋ ಬೇಡವೋ, ಎರಡು ಸಲ ಕೇಳಿ. ಫೋನಿನಲ್ಲಿ ಕೇಳಿದರೂ ಆದೀತು, ಅಂಬಾರಾಯನನ್ನು ಪಕ್ಕದಲ್ಲಿ ಕೂಡಿಸಿಕೊಂಡು. ನಂಬರು ಎರಡೂ ಅರ್ಜಿಗಳ ಮೇಲಿದೆ.

ಇಂತಿ,
ಒಂದು ಖಾನೆ ತಪ್ಪು ತುಂಬಿ ನಿಮ್ಮ ಎಲ್ಲ ಕಿಟಕಿಗಳಿಗೂ ಪರಿಚಿತನಾದ
ಚನ್ನವೀರ

ಫೋನ್ ಮಾಡುವುದಾದರೆ ಬೆಳಿಗ್ಗೆ ಮಾಡಿ. ಎದ್ದ ಹೊತ್ತಿಗೆ ಅವಳ ಮಾತು ಇನ್ನೂ ನೆಟ್ಟಗಿರುತ್ತದೆ, ಹತ್ತರ ಮೇಲೆ ದಣಿಯುತ್ತಾಳೆ, ಶಬ್ದ ಸಿಗುವುದಿಲ್ಲ. ಫೋನನ್ನು ಅವಳ ಎಡಗೈಯಲ್ಲೇ ಕೊಟ್ಟಿರುತ್ತೇನೆ. ಇದು ಅಚ್ಚಾದ ಮರುದಿನವೇ, ಎಂಟೂವರೆಗೆ.